ಟಾರ್ಪಾಲಿಗೆ ಗಟ್ಟಿ ಹೊಲಿಗೆ

ಗೆಳೆಯರೇ, ಈ ಸಲ ಶಿಬಿರದ ಟಾರ್ಪಾಲನ್ನು ನಾವೇ ತೆಳು ನೈಲಾನ್ ಬಟ್ಟೆಯಲ್ಲಿ ಹೊಲಿಯಬೇಕೆಂದು ಸ್ಕೌಟ್ ಮೇಷ್ಟ್ರು ಹೇಳಿದ್ದಾರೆ. ಹೋದ ಸಲ ಕೊಂಡು ತಂದದ್ದು ಮಳೆಗೆ ನಡುವೆ ಬಿಟ್ಟುಕೊಂಡು ಎಲ್ಲರ ಹಾಸಿಗೆ ನೆನೆಯಿತಲ್ಲ, ಅಲ್ಲಿ ಹರಿದದ್ದು ಬಟ್ಟೆಯಲ್ಲ, ಹೊಲಿಗೆ. ಅಮ್ಮ ಮಷೀನು ಹೊಲಿಯುವುದರಿಂದ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಜೀನ್ಸ್ ಪ್ಯಾಂಟಿನ ಕಾಲನ್ನು ತಿರುವಿ ನೋಡಿ. ಎರಡು ಸಾಲು ಹೊಲಿಗೆ ಇದೆ, ಬಟ್ಟೆಯ ಕತ್ತರಿಸಿದ ಅಂಚು ಕಾಣಲ್ಲ. ನಮಗೆ ಬೇಕಾದ್ದು ಅದೇ. ಎರಡು ತುಂಡು ಒಂದರ ಮೇಲೊಂದು ಇಟ್ಟು, ಕೆಳಗಿನದನ್ನು ಅರ್ಧ ಅಂಗುಲ ಹೊರಗೆ ಬಿಟ್ಟು ಒಂದು ಹೊಲಿಗೆ ಹಾಕಿ. ಹೊರಗುಳಿದದ್ದನ್ನು ಮೇಲಿನ ಅಂಚಿನ ಮೇಲೆ ಮಡಿಸಿ. ಆಮೇಲೆ ಮೇಲಿನ ತುಂಡನ್ನು ಆ ಮಡಿಕೆಯ ಮೇಲೆ ಹೊರಳಿಸಿ, ಮಟ್ಟಸವಾಗಿ ಒತ್ತಿ, ಇನ್ನೊಂದು ಹೊಲಿಗೆ. ಗಾಳಿ ಎಳೆದರೆ ಭಾರ ಎರಡೂ ಸಾಲಿಗೆ ಹಂಚಿಹೋಗುತ್ತೆ. ಕಟ್ಟುವಾಗ ಮಡಿಕೆಯ ಅಂಚು ಹೆಂಚಿನ ಹಾಗೆ ಕೆಳಮುಖವಾಗಿರಲಿ, ಇಲ್ಲದಿದ್ದರೆ ನೀರು ನಿಲ್ಲುತ್ತೆ.

ಹೊಲಿಗೆ ಒತ್ತಾದಷ್ಟೂ ಗಟ್ಟಿ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ತೂತು ಹೆಚ್ಚಾದರೆ ಅಂಚೆಚೀಟಿ ಹಾಳೆಯ ಹಾಗೆ ಅಲ್ಲೇ ಹರಿಯುತ್ತೆ. ಅಂಗುಲಕ್ಕೆ 8ರಿಂದ 10 ಸಾಕು. ಸೂಜಿ ತೆಳ್ಳಗಿನದು, ಹೊಸದು. ದಾರ ಪಾಲಿಯೆಸ್ಟರ್, ಹತ್ತಿ ದಾರ ನೆನೆದು ನೆನೆದು ಲಡ್ಡಾಗುತ್ತೆ. ಹಗ್ಗ ಕಟ್ಟುವ ಮೂಲೆಗಳಿಗೆ ಎರಡು ಪದರ ತೇಪೆ ಹಾಕಲೇಬೇಕು.