ಮನೆ ಕಟ್ಟುವ ಮುನ್ನ ಕುಳಿತು ಲೆಕ್ಕ ಹಾಕೋಣ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಯಾವ ಬಡಾವಣೆಗೆ ಹೋದರೂ ಅರ್ಧಕ್ಕೆ ನಿಂತ ಒಂದು ಮನೆ ಕಣ್ಣಿಗೆ ಬೀಳುತ್ತದೆ. ಕಂಬಗಳ ತುದಿಯಲ್ಲಿ ತುಕ್ಕು ಹಿಡಿದ ಕಂಬಿ, ಬಾಗಿಲಿಲ್ಲದ ಹೊಸಿಲು, ಒಳಗೆ ಬೆಳೆದ ಗಿಡ. ದಾರಿಹೋಕರಿಗೆ ಅದೊಂದು ನೋಟ. ಆ ಮನೆಯವರಿಗೋ ಪ್ರತಿದಿನದ ನೋವು. ಗೋಪುರ ಕಟ್ಟಲು ಹೊರಟು ಅಡಿಪಾಯದಲ್ಲೇ ನಿಂತು, ನೆರೆಯವರ ನಗೆಗೆ ಗುರಿಯಾದವನ ಸಾಮತಿಯನ್ನು ಯೇಸುಸ್ವಾಮಿ ಹೇಳಿದರು (ಲೂಕ 14:28-30). ಶಿಷ್ಯನಾಗಲು ತೆರಬೇಕಾದ ಬೆಲೆಯನ್ನು ತಿಳಿಸಲು ಹೇಳಿದ ಮಾತು ಅದು. ಆದರೆ ಉದಾಹರಣೆಯನ್ನು ಅವರು ಆರಿಸಿಕೊಂಡದ್ದು ಗಾರೆ ಕೆಲಸದವರ ನಡುವಿನಿಂದ. ಮೊದಲು ಕುಳಿತುಕೊಳ್ಳಬೇಕು, ಲೆಕ್ಕ ಹಾಕಬೇಕು, ಆಮೇಲೆ ಗುದ್ದಲಿ ಎತ್ತಬೇಕು. ಇಂದು ಹಾಗೆಯೇ ಕುಳಿತು ಒಂದು ಮನೆಯ ಲೆಕ್ಕವನ್ನು ಮಾಡೋಣ.

ಕೆಂಪಾಪುರದ ಒಂದು ನಿವೇಶನ

ಹೆಬ್ಬಾಳದ ಪಕ್ಕದ ಕೆಂಪಾಪುರ ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿ. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ಬೆಂಗಳೂರು ಬೃಹತ್ ಪಾಲಿಕೆಯಾಯಿತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲದ ನೆಲಕ್ಕೆ ಬಂಗಾರದ ಬೆಲೆ ಬಂತು. ಅದಕ್ಕೆ ಮುಂಚೆ ಹೊಟ್ಟೆ ಬಟ್ಟೆ ಕಟ್ಟಿ ಒಂದು 30-40 ನಿವೇಶನ ಕೊಂಡಿಟ್ಟ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಗಂಡ ಖಾಸಗಿ ಕಂಪನಿಯ ನೌಕರ, ಹೆಂಡತಿ ಶಾಲಾ ಶಿಕ್ಷಕಿ, ಮಗಳು ಪಿಯುಸಿ, ಮಗ ಎಂಟನೇ ತರಗತಿ. ಕೈಯಲ್ಲಿರುವ ಉಳಿತಾಯ 15 ಲಕ್ಷ. ಭವಿಷ್ಯನಿಧಿಯಿಂದ ತೆಗೆಯಬಹುದಾದದ್ದು 3 ಲಕ್ಷ. ಒಟ್ಟು 18 ಲಕ್ಷ.

ಕೆಳಗೊಂದು ಮೇಲೊಂದು ಅಂತಸ್ತು, 15 ಚದರದ ಮನೆ ಅವರ ಕನಸು. ಗುತ್ತಿಗೆದಾರ ಚದರಕ್ಕೆ, ಅಂದರೆ 100 ಚದರಡಿಗೆ, 2,20,000 ರೂಪಾಯಿ ಎನ್ನುತ್ತಾನೆ ಎಂದಿಟ್ಟುಕೊಳ್ಳೋಣ. ಇದು ಲೆಕ್ಕ ಕಲಿಯಲು ಇಟ್ಟುಕೊಂಡ ದರ. ನಿಮಗೆ ಹೇಳಿದ ದರವನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ. ಹದಿನೈದು ಚದರಕ್ಕೆ 33 ಲಕ್ಷವಾಯಿತು. ‘18 ನಮ್ಮದು, 15 ಬ್ಯಾಂಕಿನದು, ಮನೆ ಮುಗಿಯಿತು’ ಎಂದು ಯಜಮಾನರು ನಗುತ್ತಾರೆ. ಅರ್ಧಕ್ಕೆ ನಿಲ್ಲುವ ಮನೆಗಳ ಕಥೆ ಶುರುವಾಗುವುದೇ ಇಲ್ಲಿಂದ.

ಕಣ್ಣಿಗೆ ಕಾಣದ ಖರ್ಚು

ಗುತ್ತಿಗೆದಾರನ ದರ ಸಾಮಾನ್ಯವಾಗಿ ಗೋಡೆ, ತಾರಸಿ, ನೆಲ, ಬಣ್ಣ, ಸಾಧಾರಣ ನಲ್ಲಿ ಹಾಗೂ ವೈರಿಂಗಿನವರೆಗೆ ಮಾತ್ರ. ಅದರ ಹೊರಗೆ ಉಳಿಯುವವುಗಳನ್ನು ಒಂದೊಂದಾಗಿ ಬರೆಯಿರಿ: ನಕ್ಷೆ ಮತ್ತು ಮಂಜೂರಾತಿ ಶುಲ್ಕ, ಎಂಜಿನಿಯರ ಸಂಭಾವನೆ, ನೆಲದ ಸಂಪು, ಕಾಂಪೌಂಡು ಗೋಡೆ, ಗೇಟು, ನೀರು, ಒಳಚರಂಡಿ ಮತ್ತು ವಿದ್ಯುತ್ ಸಂಪರ್ಕದ ಠೇವಣಿ, ಅಡಿಗೆಮನೆಯ ಮರಗೆಲಸ, ಕಪಾಟು, ಕಿಟಕಿಯ ಗ್ರಿಲ್ಲು, ಮಳೆನೀರು ಕೊಯ್ಲು, ಕೊನೆಗೆ ಗೃಹಪ್ರವೇಶದ ಊಟ. ಇವೆಲ್ಲಕ್ಕೆ ಕೈ ಬಿಗಿಹಿಡಿದು 6 ಲಕ್ಷ ಎಂದಿಟ್ಟುಕೊಳ್ಳೋಣ.

ಮನೆ ಏಳುವ ಹತ್ತು ತಿಂಗಳೂ ಈಗಿನ ಬಾಡಿಗೆ ನಿಲ್ಲುವುದಿಲ್ಲ. ತಿಂಗಳಿಗೆ 15,000ದಂತೆ ಒಂದೂವರೆ ಲಕ್ಷ. ಬ್ಯಾಂಕು ಸಾಲವನ್ನು ಕೆಲಸದ ಹಂತ ನೋಡಿ ಕಂತುಗಳಲ್ಲಿ ಕೊಡುತ್ತದೆ. ಕೊಟ್ಟಷ್ಟಕ್ಕೆ ಅಂದಿನಿಂದಲೇ ಬಡ್ಡಿ. 20 ಲಕ್ಷ ಸಾಲದಲ್ಲಿ ಸರಾಸರಿ ಅರ್ಧ ಹಣ ಹತ್ತು ತಿಂಗಳು ಹೊರಗಿದ್ದರೆ, ಶೇ. 9ರಂತೆ 75,000 ರೂಪಾಯಿ.

ಕೂಡಿಸೋಣ. 33 ಲಕ್ಷ, 6 ಲಕ್ಷ, ಒಂದೂವರೆ ಲಕ್ಷ, ಮುಕ್ಕಾಲು ಲಕ್ಷ: ಒಟ್ಟು 41,25,000. ಇದರ ಮೇಲೆ ಹತ್ತರಲ್ಲಿ ಒಂದು ಪಾಲನ್ನು ಆಪತ್ತಿಗೆಂದು ತೆಗೆದಿಡಲೇಬೇಕು. ಹಾಗಾದರೆ 45,37,500. ಮೂವತ್ತಮೂರು ಎಂದುಕೊಂಡದ್ದು ನಲವತ್ತೈದೂವರೆಯ ಹತ್ತಿರ ಬಂದು ನಿಂತಿತು! ಗುತ್ತಿಗೆದಾರ ಇಲ್ಲಿ ಮೋಸ ಮಾಡಿಲ್ಲ. ನಾವು ಕೇಳಬೇಕಾದದ್ದನ್ನು ಕೇಳಿರಲಿಲ್ಲ, ಅಷ್ಟೆ.

ಆಪತ್ತಿನ ಪಾಲು ಏಕೆ?

ಮೊದಲ ಕಾರಣ ಮಣ್ಣಿನೊಳಗಿದೆ. ಹೆಬ್ಬಾಳ, ಅಮೃತಹಳ್ಳಿ, ರಾಚೇನಹಳ್ಳಿ ಕೆರೆಗಳಿರುವ ಸೀಮೆ ಇದು. ತಗ್ಗಿನ ಜಾಗಕ್ಕೆ ಮಣ್ಣು ಹೊಡೆಸಿ ನಿವೇಶನ ಮಾಡಿದ್ದರೆ, ಗಟ್ಟಿ ನೆಲ ಸಿಗುವತನಕ ಪಾಯ ಅಗೆಯಬೇಕು. ಐದು ಅಡಿ ಎಂದುಕೊಂಡದ್ದು ಎಂಟಕ್ಕೆ ಇಳಿದರೆ ಕಾಂಕ್ರೀಟು, ಕಂಬಿ, ಕೂಲಿ ಎಲ್ಲವೂ ಏರುತ್ತದೆ. ಕೆಲವು ಸಾವಿರ ಕೊಟ್ಟು ಮಣ್ಣಿನ ಪರೀಕ್ಷೆ ಮಾಡಿಸುವುದು ಜಾಣತನ.

ಎರಡನೆಯದು ಮಾರುಕಟ್ಟೆ. ಸಿಮೆಂಟು, ಕಂಬಿಗಳ ಬೆಲೆ ವರ್ಷವಿಡೀ ಒಂದೇ ಇರುವುದಿಲ್ಲ. 2017ರಿಂದ ಸಿಮೆಂಟಿನ ಮೇಲೆ ಶೇ. 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಯಿತು. ಹೀಗೆ ಇಳಿಯುವುದು ಅಪರೂಪ. ಏರುವುದನ್ನೇ ಎಣಿಸಿ ಹೊರಡಬೇಕು.

ಮೂರನೆಯದು ಮಳೆ ಮತ್ತು ನೀರು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಜಡಿಮಳೆಯ ತಿಂಗಳುಗಳು. ಆಗ ಪಾಯ ತೋಡಿದರೆ ಗುಂಡಿ ಕೆರೆಯಾಗುತ್ತದೆ. ಬೇಸಿಗೆಗೆ ತಳ್ಳಿದರೆ ನೀರಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದು ನೆನಪಿರಬಹುದು. ಡಿಸೆಂಬರಿನಲ್ಲಿ ಪಾಯ ತೆಗೆದು, ಬಿಸಿಲೇರುವ ಮುಂಚೆ ತಾರಸಿ ಹಾಕುವಂತೆ ಕೆಲಸ ಹೊಂದಿಸಿಕೊಂಡರೆ ಟ್ಯಾಂಕರಿನ ಖರ್ಚು ತಗ್ಗುತ್ತದೆ. ಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ನೀರು ಕುಡಿಸಬೇಕು. ಇಲ್ಲಿ ನೀರು ಉಳಿಸಿದವರು ಮುಂದೆ ಸೋರುವ ತಾರಸಿಗೆ ಎರಡರಷ್ಟು ತೆರುತ್ತಾರೆ.

ಕನಸನ್ನು ಅಳತೆಗೆ ತರುವುದು

ನಮ್ಮ ಕುಟುಂಬಕ್ಕೆ ಮರಳೋಣ. 18 ಲಕ್ಷ ಕಳೆದರೆ ಇನ್ನೂ 27 ಲಕ್ಷಕ್ಕಿಂತ ಹೆಚ್ಚು ಸಾಲ ಬೇಕು. ಶೇ. 9 ಬಡ್ಡಿಗೆ 20 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 24,600. ಕೊನೆಗೆ ಕಟ್ಟಿದ ಬಡ್ಡಿಯೊಂದೇ 31 ಲಕ್ಷ ದಾಟುತ್ತದೆ, ಪಡೆದ ಸಾಲಕ್ಕಿಂತ ಹೆಚ್ಚು. ಆಗ ಹೆಂಡತಿ ಕೇಳುತ್ತಾಳೆ: ‘ರೀ, ಮೇಲಿನ ಎರಡು ಕೋಣೆಗೆ ನಮ್ಮ ಮಗಳ ಕಾಲೇಜಿನ ಫೀಸು ಹೋಗಬೇಕೇ?’

ಈ ಪ್ರಶ್ನೆಯನ್ನು ಪಾಯ ತೋಡುವ ಮುನ್ನ ಕೇಳಿದರೆ ಅದು ವಿವೇಕ. ಲಿಂಟಲ್ ಮಟ್ಟದಲ್ಲಿ ಕೇಳಿದರೆ ಜಗಳ. ಈಗ ಅವರು ಹೊಸ ಲೆಕ್ಕ ಹಾಕುತ್ತಾರೆ. ಸದ್ಯಕ್ಕೆ ಕೆಳಗಿನ ಎಂಟೂವರೆ ಚದರ ಮಾತ್ರ: 18,70,000. ಮುಂದೆ ಮೇಲಂತಸ್ತು ಹೊರುವಂತೆ ಪಾಯ, ಕಂಬಗಳನ್ನು ಈಗಲೇ ಬಲಪಡಿಸಲು 1,30,000. ಇತರ ಖರ್ಚು 5 ಲಕ್ಷ. ಏಳು ತಿಂಗಳ ಬಾಡಿಗೆ 1,05,000. ಕಟ್ಟುವ ಕಾಲದ ಬಡ್ಡಿ ಸುಮಾರು 31,500. ಆಪತ್ತಿನ ಪಾಲೂ ಸೇರಿ ಒಟ್ಟು 29 ಲಕ್ಷ. ಕೈಯಲ್ಲಿ 18, ಸಾಲ 12. ಹದಿನೈದು ವರ್ಷಕ್ಕೆ ಕಂತು ಸುಮಾರು 12,170. ಬಡ್ಡಿ 10 ಲಕ್ಷದೊಳಗೆ. ಈಗ ಕೊಡುತ್ತಿರುವ ಬಾಡಿಗೆಗಿಂತ ಕಂತೇ ಕಡಿಮೆ!

ಮೇಲಂತಸ್ತಿಗೆಂದು ಬಿಟ್ಟ ಕಂಬಿಗೆ ಸಿಮೆಂಟು ಹಾಲು ಬಳಿದು ಮುಚ್ಚಿಸಿ, ತುಕ್ಕು ಹಿಡಿಯದಿರಲಿ. ಮಕ್ಕಳ ಓದು ಮುಗಿದ ಮೇಲೆ ಕಟ್ಟಬಹುದು. ಕಟ್ಟದಿದ್ದರೂ ನಷ್ಟವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದವರಿಗೆ ನಿದ್ದೆಯಾದರೂ ಬರುತ್ತದೆ.

ಮೋಸಹೋಗದಿರಲು ಕೆಲವು ಸೂಚನೆಗಳು

1. ಖಾತೆ ಯಾವುದು, ‘ಎ’ಯೋ ‘ಬಿ’ಯೋ ಎಂಬುದನ್ನು ಮೊದಲು ನೋಡಿ. ಬಿ ಖಾತೆಗೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ.

2. ಚದರ ಅಳೆಯುವುದು ಹೇಗೆಂದು ಕರಾರಿನಲ್ಲಿ ಬರೆಸಿ. ಬಾಲ್ಕನಿ, ಮೆಟ್ಟಿಲಿನ ಮೇಲಿನ ಕೋಣೆ, ಸಜ್ಜಾ ಇವಕ್ಕೆ ಪೂರ್ಣ ದರವೋ ಅರ್ಧವೋ? ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ.

3. ಸಾಮಾನಿನ ಅಂದಾಜು ನಿಮಗೂ ಗೊತ್ತಿರಲಿ. ಒಂದು ಚದರಕ್ಕೆ ಸುಮಾರು 40ರಿಂದ 45 ಚೀಲ ಸಿಮೆಂಟು, 400 ಕಿಲೋದಷ್ಟು ಕಂಬಿ ಬೇಕಾಗುವುದು ವಾಡಿಕೆ. ಪಟ್ಟಿಯಲ್ಲಿ ಇದಕ್ಕಿಂತ ಬಹಳ ಹೆಚ್ಚೋ ಕಡಿಮೆಯೋ ಇದ್ದರೆ ಕಾರಣ ಕೇಳಿ.

4. ಹಣವನ್ನು ಕೆಲಸ ಮುಗಿದ ಹಂತಕ್ಕೆ ಕೊಡಿ. ಕೊನೆಯ ಒಂದು ಕಂತನ್ನು ಸೋರಿಕೆ, ಬಿರುಕು ನೋಡುವವರೆಗೆ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿ.

5. 2009ರಲ್ಲಿ ಬಂದ ನಿಯಮದಂತೆ 30-40 ನಿವೇಶನದ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ದಂಡದ ಭಯಕ್ಕಾಗಿ ಮಾಡಬೇಡಿ. ವರ್ಷಕ್ಕೆ 970 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ 850 ಚದರಡಿ ತಾರಸಿ, ಪೋಲಾಗುವುದನ್ನು ಕಳೆದೂ, 60,000 ಲೀಟರ್ ನೀರು ಕೊಡಬಲ್ಲದು.

6. ಗಂಡಹೆಂಡಿರು ಪ್ರತಿ ಭಾನುವಾರ ಸಂಜೆ ಲೆಕ್ಕದ ಪುಸ್ತಕ ತೆರೆಯಿರಿ. ಮೂರು ಸಾಲು ಸಾಕು: ಅಂದಾಜು, ಖರ್ಚಾದದ್ದು, ಉಳಿದದ್ದು.

ಯಾವುದನ್ನು ಕಡಿಮೆ ಮಾಡಬಾರದು?

ಹಣ ಸಾಲದೆ ಬಂದಾಗ ನಾವು ಕೈ ಹಾಕುವುದು ಸಾಮಾನ್ಯವಾಗಿ ತಪ್ಪು ಜಾಗಕ್ಕೆ. ಅಮೃತಶಿಲೆಯ ನೆಲ ಬಿಡಲಾರೆವು, ಮೇಸ್ತ್ರಿಯ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳುತ್ತೇವೆ. ನಮ್ಮ ಮನೆಗಳನ್ನು ಕಟ್ಟುವವರಲ್ಲಿ ಅನೇಕರು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದು ತಗಡಿನ ಶೆಡ್ಡಿನಲ್ಲಿ ಮಲಗುವವರು. ಶನಿವಾರದ ಬಟವಾಡೆ ತಪ್ಪಿದರೆ ಅವರ ಒಲೆ ಹೊತ್ತುವುದಿಲ್ಲ. ನೆರೆಯವನಿಂದ ಕೂಲಿ ಕೊಡದೆ ದುಡಿಸಿಕೊಂಡು, ಅನ್ಯಾಯದಿಂದ ಮಾಳಿಗೆ ಏರಿಸುವವನಿಗೆ ಪ್ರವಾದಿ ಯೆರೆಮೀಯ ಧಿಕ್ಕಾರ ಹೇಳಿದ್ದು ಅರಸನ ಅರಮನೆಯನ್ನು ನೋಡಿ (ಯೆರೆಮೀಯ 22:13). ಆ ಮಾತು ಎಂಟೂವರೆ ಚದರದ ಮನೆಗೂ ಸಲ್ಲುತ್ತದೆ. ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕೆಂದು 1891ರಲ್ಲೇ ಹದಿಮೂರನೆಯ ಲಿಯೋ ಜಗದ್ಗುರುಗಳು ಧರ್ಮಸಭೆಗೆ ನೆನಪಿಸಿದರು. ಆದ್ದರಿಂದ ಆಪತ್ತಿನ ಪಾಲಿನಲ್ಲಿ ಎರಡು ವಾರದ ಬಟವಾಡೆಯನ್ನು ಬೇರೆಯಾಗಿಯೇ ಇಡಿ.

ಇನ್ನೊಂದು, ತಾರಸಿಯ ಸುತ್ತಿನ ಪ್ಯಾರಾಪೆಟ್ ಗೋಡೆ. ‘ಆಮೇಲೆ ಕಟ್ಟಿಸೋಣ’ ಎಂದು ಬಿಡುವ ಮೊದಲ ಕೆಲಸ ಇದೇ. ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆ ಇರಬೇಕು, ಯಾರೂ ಬಿದ್ದು ಸಾಯಬಾರದು ಎಂಬ ಆಜ್ಞೆ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ (ಧರ್ಮೋಪದೇಶಕಾಂಡ 22:8). ಪಕ್ಕದ ಮನೆಯ ಮಗು ಗಾಳಿಪಟದ ಹಿಂದೆ ಓಡಿ ಬರುವುದು ನಮ್ಮ ಲೆಕ್ಕ ಸರಿಹೋಗುವ ತನಕ ಕಾಯುವುದಿಲ್ಲ.

ಲೆಕ್ಕ ಹಾಕುವುದು ಜಿಪುಣತನವೆಂದು ಯಾರಾದರೂ ಅಂದಾರು. ಲೆಕ್ಕವಿಲ್ಲದೆ ಕಟ್ಟಿದ ಮನೆಯ ಕೊರತೆಯನ್ನು ಕೊನೆಗೆ ಯಾರೋ ತುಂಬಲೇಬೇಕಾಗುತ್ತದೆ: ಕೂಲಿಯವನು, ಮಗಳು, ಇಲ್ಲವೇ ಹೆಂಡತಿಯ ಕೊರಳಿನ ಸರ. ಅವರಿಗೆ ಆ ಭಾರ ಬೀಳದಿರಲೆಂದು ಒಂದು ಸಂಜೆ ಕುಳಿತುಕೊಳ್ಳುವುದು ಪ್ರೀತಿಯ ಕೆಲಸವೇ ಸರಿ.

ಕುಟುಂಬದಲ್ಲಿ ಚಿಂತನೆಗೆ

1. ನಾವು ಕಟ್ಟಬೇಕೆಂದಿರುವ ಮನೆಯಲ್ಲಿ ಅವಶ್ಯಕತೆಗೆ ಎಷ್ಟು ಚದರ, ನೆರೆಯವರ ಕಣ್ಣಿಗೆ ಎಷ್ಟು ಚದರ?

2. ಗುತ್ತಿಗೆದಾರನ ದರದಲ್ಲಿ ಸೇರದ ಖರ್ಚುಗಳನ್ನು ಬರೆದು ಕೂಡಿಸಿದ್ದೇವೆಯೇ?

3. ಕಂತು ಕಟ್ಟಿದ ಮೇಲೆ ಮಕ್ಕಳ ಓದಿಗೆ, ಕಾಯಿಲೆಗೆ, ಹಿರಿಯರ ಔಷಧಿಗೆ ಏನು ಉಳಿಯುತ್ತದೆ?

4. ನಮ್ಮ ಮನೆಯ ಕೆಲಸ ಮಾಡಿದವರಿಗೆ ನಾವು ಕೊಡಬೇಕಾದದ್ದು ಏನಾದರೂ ಬಾಕಿ ಇದೆಯೇ?