ಸೀತಾಳೆ ಸಿಡುಬಿನ ಲಸಿಕೆ: ಕೊಯ್ಲಿಗೆ ಮೊದಲೇ ಯೋಚಿಸಿ



ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಉದುರಿದ ಅಡಿಕೆ ಮತ್ತೆ ಗೊನೆ ಸೇರುವುದಿಲ್ಲ. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಇದು ನಮಗೆಲ್ಲ ತಿಳಿದ ಪಾಠ. ಮನುಷ್ಯರ ಕೆಲವು ರೋಗಗಳಿಗೂ ಇದೇ ಪಾಠ ಅನ್ವಯಿಸುತ್ತದೆ. ಅವುಗಳಲ್ಲೊಂದು ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್. ನಮ್ಮ ಮನೆಗಳಲ್ಲಿ ‘ಅಮ್ಮ ಎದ್ದಿದೆ’ ಎನ್ನುವುದು ಸಾಮಾನ್ಯವಾಗಿ ಇದಕ್ಕೇ.

ಈ ರೋಗ ಹೆಚ್ಚಾಗಿ ಕಾಣಿಸುವುದು ಚಳಿ ಕಳೆದು ಬಿಸಿಲೇರುವ ಕಾಲದಲ್ಲಿ. ಕಾಫಿ ಕೊಯ್ಲಿಗೆ ಲೈನ್ ಮನೆಗಳು ತುಂಬುವುದೂ, ಅಡಿಕೆ ಸುಲಿಯಲು ಹತ್ತಾರು ಮಂದಿ ಒಂದೇ ಚಪ್ಪರದಡಿ ಕೂರುವುದೂ ಹೆಚ್ಚುಕಡಿಮೆ ಆಗಲೇ. ಆದುದರಿಂದ ಇದು ನಾವು ತಿಳಿದಿರಲೇಬೇಕಾದ ವಿಷಯ.

ರೋಗದ ರೀತಿ

ರೋಗಿಯ ಕೆಮ್ಮು, ಉಸಿರು ಮತ್ತು ಗುಳ್ಳೆಯ ನೀರಿನಿಂದ ಇದು ಹರಡುತ್ತದೆ. ಸೋಂಕು ತಗುಲಿದ 10ರಿಂದ 21 ದಿನಗಳಲ್ಲಿ ಜ್ವರ, ಗುಳ್ಳೆ ಕಾಣಿಸುತ್ತವೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ರೋಗಿ ಇತರರಿಗೆ ಅಂಟಿಸಬಲ್ಲನು. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೂ ಅಪಾಯವಿರುತ್ತದೆ. ಒಂದೇ ಸೂರಿನಡಿ ಇರುವ, ಹಿಂದೆ ರೋಗ ಬಾರದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಅಂಟುತ್ತದೆ.

ಮಕ್ಕಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ದೊಡ್ಡವರಲ್ಲಿ ಉಲ್ಬಣಿಸಿ ನ್ಯುಮೋನಿಯಾಕ್ಕೆ ತಿರುಗಬಹುದು. ಬಸುರಿಯರಿಗೆ ಅಪಾಯ ಇನ್ನೂ ಹೆಚ್ಚು. ಮೊದಲ ಐದು ತಿಂಗಳಲ್ಲಿ ಬಂದರೆ ಅಪರೂಪಕ್ಕೆ ಮಗುವಿನ ಅಂಗಗಳಿಗೆ ಊನವಾಗುವುದುಂಟು. ಹೆರಿಗೆಯ ಆಸುಪಾಸಿನಲ್ಲಿ ಬಂದರೆ ಹಸುಗೂಸಿನ ಪ್ರಾಣಕ್ಕೇ ಸಂಚಕಾರ.

ಹಳೆಯ ಗುರುತು ಸಾಲದು

‘ನನ್ನ ತೋಳಿನಲ್ಲಿ ದಾಖಲೆಯ ಗುರುತಿದೆ, ನನಗೇನೂ ಆಗದು’ ಎನ್ನುವ ಹಿರಿಯರಿದ್ದಾರೆ. ಆ ಗುರುತು ದೊಡ್ಡ ಸಿಡುಬಿನ ಲಸಿಕೆಯದು. ಭಾರತದಲ್ಲಿ ದೊಡ್ಡ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಸೀತಾಳೆ ಸಿಡುಬಿನ ವೈರಸ್ಸೇ ಬೇರೆ. ಕ್ಷಯದ ಬಿ.ಸಿ.ಜಿ. ಗುರುತೂ ಇದಕ್ಕೆ ರಕ್ಷಣೆಯಲ್ಲ.

ಸೀತಾಳೆ ಸಿಡುಬಿನ ಲಸಿಕೆಯನ್ನು ಜಪಾನಿನ ವೈದ್ಯ ಮಿಚಿಯಾಕಿ ತಕಾಹಾಶಿ 1974ರಲ್ಲಿ ಸಿದ್ಧಪಡಿಸಿದರು. ತಮ್ಮ ಎಳೆಯ ಮಗ ಈ ರೋಗದಿಂದ ನರಳಿದ್ದನ್ನು ಕಂಡದ್ದೇ ಅವರಿಗೆ ಪ್ರೇರಣೆ. ಇದರಲ್ಲಿರುವುದು ಬಲ ಕುಗ್ಗಿಸಿದ, ಆದರೆ ಜೀವಂತವಾದ ವೈರಸ್. ಎಚ್ಚರಿಕೆಗಳೆಲ್ಲ ಹುಟ್ಟುವುದು ಈ ಒಂದು ಮಾತಿನಿಂದ.

ಯಾರಿಗೆ, ಯಾವಾಗ?

ಮಕ್ಕಳಿಗೆ 15ನೆಯ ತಿಂಗಳ ಹೊತ್ತಿಗೆ ಮೊದಲ ಚುಚ್ಚುಮದ್ದು. ಎರಡನೆಯದಕ್ಕೆ ಕನಿಷ್ಠ ಮೂರು ತಿಂಗಳ ಅಂತರವಿರಲಿ. 13 ವರ್ಷ ದಾಟಿದವರಿಗೂ ಎರಡು ಬೇಕು. ಅಂತರ 4ರಿಂದ 8 ವಾರ. ಒಂದರಿಂದಲೂ ರಕ್ಷಣೆಯುಂಟು, ಎರಡಾದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ರೋಗ ಬಾರದು. ಬಂದರೂ ಹಗುರ. ಹಿಂದೆ ಖಚಿತವಾಗಿ ಸೀತಾಳೆ ಸಿಡುಬು ಬಂದವರಿಗೆ ಲಸಿಕೆ ಬೇಕಿಲ್ಲ.

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಉಚಿತ ಪಟ್ಟಿಯಲ್ಲಿ ಇದು ಇಲ್ಲ. ಹಣ ಕೊಟ್ಟು ಹಾಕಿಸಬೇಕು. ಎಲ್ಲರಿಗೂ ಆಗದಿದ್ದರೆ ರೋಗ ಬಾರದ ಯುವಕ ಯುವತಿಯರನ್ನು, ಮುಂದೆ ತಾಯಂದಿರಾಗುವವರನ್ನು ಮೊದಲು ಎಣಿಸಿರಿ. ದಸರಾ ಕಳೆದೊಡನೆ ಆರಂಭಿಸಿದರೆ ಕೊಯ್ಲಿನ ಭರಾಟೆಯ ಹೊತ್ತಿಗೆ ದೊಡ್ಡವರಿಗೆ ಎರಡೂ ಮುಗಿದಿರುತ್ತವೆ.

ಯಾರಿಗೆ ಕೂಡದು?

1. ಬಸುರಿಯರಿಗೆ ಕೊಡಲೇಬಾರದು. ಹಾಕಿಸಿಕೊಂಡ ಮೇಲೆ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಕೆಲವು ತಯಾರಕರು ಮೂರು ತಿಂಗಳು ಎನ್ನುತ್ತಾರೆ. ಆದುದರಿಂದ ಮುಟ್ಟು ತಪ್ಪಿದ್ದರೆ ಸಂಕೋಚವಿಲ್ಲದೆ ಹೇಳಬೇಕು.
2. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ತೀರ ಕುಂದಿದವರು.
3. ಉಬ್ಬಸಕ್ಕೋ ಕೀಲುನೋವಿಗೋ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರು ವೈದ್ಯರಿಗೆ ಆ ಚೀಟಿ ತೋರಿಸದೆ ಹಾಕಿಸಿಕೊಳ್ಳಬಾರದು.
4. ಜೆಲಟಿನ್ ಅಥವಾ ನಿಯೋಮೈಸಿನ್ ಔಷಧಿ ತೀವ್ರವಾಗಿ ಒಗ್ಗದವರು.
5. ಇತ್ತೀಚೆಗೆ ರಕ್ತ ಪಡೆದವರು, ಜೋರು ಜ್ವರವಿರುವವರು ಕಾಯಬೇಕು.

ಮನೆಯಲ್ಲಿ ಬಸುರಿ ಇದ್ದಾಳೆಂದು ಉಳಿದವರು ಹಿಂಜರಿಯಬೇಕಿಲ್ಲ; ಅವರು ಹಾಕಿಸಿಕೊಂಡರೆ ಆಕೆಗೇ ರಕ್ಷಣೆ.

ತಂಪು ಕೆಡದಿರಲಿ

ಬೋರ್ಡೋ ದ್ರಾವಣವನ್ನು ಅಂದೇ ಕಲಸಿ ಅಂದೇ ಹೊಡೆಯುತ್ತೇವಷ್ಟೆ. ಈ ಲಸಿಕೆ ಅದಕ್ಕಿಂತ ನಾಜೂಕು. ನಮ್ಮಲ್ಲಿ ಸಿಗುವ ಲಸಿಕೆಯ ಪುಡಿಯನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಬೆಳಕು ತಾಗದಂತೆ ಇಡಬೇಕು. ದ್ರವದೊಡನೆ ಕಲಸಿದೊಡನೆ ಚುಚ್ಚಬೇಕು. ಕೆಲವು ತಯಾರಿಕೆಗಳಿಗೆ ಅರ್ಧ ಗಂಟೆಯೇ ಗಡುವು. ಪೇಟೆಯಲ್ಲಿ ಕೊಂಡು ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದ ಲಸಿಕೆ ಚುಚ್ಚಿದ ತೃಪ್ತಿ ಕೊಟ್ಟೀತು, ರಕ್ಷಣೆ ಕೊಡಲಾರದು. ಕರೆಂಟು ಹೋದರೂ ತಂಪು ಕೆಡದ ಏರ್ಪಾಡಿರುವ ಆಸ್ಪತ್ರೆಯಲ್ಲಿಯೇ ಹಾಕಿಸಿರಿ. ಹೆಸರು, ತಾರೀಕು, ಬ್ಯಾಚ್ ನಂಬರನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿರಿ.

ಚುಚ್ಚಿದ ಮೇಲೆ ಕಾಲು ಗಂಟೆಯಾದರೂ ಅಲ್ಲಿಯೇ ಕುಳಿತಿರಬೇಕು. ತೀವ್ರ ಅಲರ್ಜಿ ಬಹು ಅಪರೂಪ, ಆದರೆ ಬಂದರೆ ಕೂಡಲೇ ಚಿಕಿತ್ಸೆ ಬೇಕು. ಚುಚ್ಚಿದೆಡೆ ನೋವು, ಕೆಂಪು, ಸಣ್ಣ ಜ್ವರ ಸಾಮಾನ್ಯ. ಕೆಲವರಿಗೆ ನಾಲ್ಕಾರು ಗುಳ್ಳೆ ಏಳಬಹುದು. ಆಗ ಬಸುರಿಯರಿಂದ ದೂರವಿರಬೇಕು. ಮಕ್ಕಳಿಗೆ ಆರು ವಾರ ಆಸ್ಪಿರಿನ್ ಕೊಡಬಾರದು.

ಲೈನಿನಲ್ಲಿ ಒಬ್ಬರಿಗೆ ಬಂದರೆ

ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿರಿಸಿರಿ. ನೋಡಲು ಬರುವ ನೆಂಟರನ್ನು ತಡೆಯಿರಿ. ಬೇವಿನ ಸೊಪ್ಪು, ತಂಪು ಆಹಾರ, ಮನೆಯ ಹರಕೆ ಇವಕ್ಕೆ ಅಡ್ಡಿಯಿಲ್ಲ. ಆದರೆ ಅವುಗಳ ನೆಪದಲ್ಲಿ ವೈದ್ಯರನ್ನು ದೂರವಿಡಬಾರದು. ದೊಡ್ಡವರಿಗೆ ಬಂದರೆ ಮೊದಲ ದಿನವೇ ತೋರಿಸಿರಿ. ವೈರಸ್ ತಡೆಯುವ ಮಾತ್ರೆ ಬೇಗ ಆರಂಭಿಸಿದಷ್ಟೂ ಗುಣ. ಜ್ವರಕ್ಕೆ ಆಸ್ಪಿರಿನ್ ಬೇಡ.

ರೋಗ ಬಾರದ ಇತರರು 3 ದಿನಗಳೊಳಗೆ, ತಡವೆಂದರೆ 5 ದಿನಗಳೊಳಗೆ ಲಸಿಕೆ ಪಡೆದರೆ ರೋಗ ತಪ್ಪಬಹುದು ಅಥವಾ ಹಗುರಾಗಬಹುದು. ರೋಗಿಯ ಸಂಪರ್ಕಕ್ಕೆ ಬಂದ ಬಸುರಿಗೆ ಮಾತ್ರ ಲಸಿಕೆಯಲ್ಲ. ಆಕೆಯನ್ನು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೂಲಿ ಹೋದೀತೆಂಬ ಅಂಜಿಕೆಯಿಂದ ಗುಳ್ಳೆ ಮುಚ್ಚಿಕೊಂಡು ಕೆಲಸಕ್ಕೆ ಬರುವವರುಂಟು. ಆ ಕೆಲವು ದಿನಗಳ ಕೂಲಿಯನ್ನು ನಾವು ಕೊಟ್ಟರೆ ಯಾರೂ ರೋಗವನ್ನು ಮುಚ್ಚಿಡಲಾರರು.

ಈ ವರ್ಷ ಬುಟ್ಟಿ, ಗೋಣಿ, ಏಣಿಗಳ ಲೆಕ್ಕ ಹಾಕುವಾಗ ಇನ್ನೊಂದು ಪಟ್ಟಿಯನ್ನೂ ಬರೆಯಿರಿ: ಮನೆಯಲ್ಲಿ, ಲೈನಿನಲ್ಲಿ ಸೀತಾಳೆ ಸಿಡುಬು ಬಂದವರಾರು, ಬಾರದವರಾರು, ಬಸುರಿಯರಾರು. ಆ ಪಟ್ಟಿ ಹಿಡಿದು ವೈದ್ಯರಲ್ಲಿಗೆ ಹೋದರೆ ಅರ್ಧ ಕೆಲಸ ಆದಂತೆಯೇ.