ಹುಳುವಿನ ಮೇಲಿಟ್ಟ ಕಣ್ಣು ಕೂಸಿನ ಮೇಲೂ ಇರಲಿ

ಮಗಳೇ,

ಮೊನ್ನೆ ನಿಮ್ಮನೆಗೆ ಬಂದಾಗ ರಾತ್ರಿ ಹನ್ನೊಂದು ಗಂಟೆಗೆ ನೀನು ರೇಷ್ಮೆ ಹುಳುಮನೆಗೆ ಹೋದದ್ದನ್ನು ಜಗಲಿಯಲ್ಲಿ ಕೂತೇ ನೋಡಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ, ಕೈಕಾಲು ತೊಳೆದೆ, ಊಜಿ ನೊಣ ಒಳಗೆ ನುಗ್ಗದ ಹಾಗೆ ಪರದೆಯನ್ನು ಮೈ ಹಿಡಿಯುವಷ್ಟೇ ಸರಿಸಿ ಒಳಗೆ ಹೋದೆ. ಸೊಪ್ಪು ಬಾಡಿದೆಯಾ, ಹುಳು ಅಡಿಗೆ ಸೇರಿದೆಯಾ ಅಂತ ಅಂಕಣ ಅಂಕಣವೂ ಬಗ್ಗಿ ನೋಡಿ ಬಂದೆ. ಇಷ್ಟು ಅಚ್ಚುಕಟ್ಟಾಗಿ ಹುಳು ಸಾಕುವ ಹುಡುಗಿ ನಮ್ಮ ಮನೆತನದವಳು ಅಂತ ನನಗೆ ಹೆಮ್ಮೆಯಾಯಿತು.

ಅದೇ ಹೊತ್ತಿನಲ್ಲಿ ನಡುಮನೆಯಲ್ಲಿ ನಿನ್ನ ಮೂರು ವರ್ಷದ ಮಗ ಮೊಬೈಲನ್ನು ಎದೆ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಅರ್ಧ ಉಂಡ ತಟ್ಟೆ ಪಕ್ಕದಲ್ಲೇ ಇತ್ತು. ಅಲ್ಲೇ ಹೇಳಿದ್ದರೆ ಅತ್ತೆ ಮುಂದೆ ನಿನ್ನನ್ನು ಆಡಿಕೊಂಡ ಹಾಗಾಗುತ್ತಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಕನಕಪುರದಿಂದ ಮಾಗಡಿವರೆಗೆ ನಿನ್ನ ಹಾಗೆ ಹುಳು, ಹಸು, ಕೂಸು ಮೂರನ್ನೂ ಒಟ್ಟಿಗೆ ಎಳೆಯುತ್ತಿರುವ ಹೆಣ್ಣುಮಕ್ಕಳೆಲ್ಲ ಓದಿದರೆ ಇನ್ನೂ ಸಂತೋಷ.

ನಲವತ್ತು ವರ್ಷ ಹುಳು ಸಾಕಿ, ನಾಲ್ಕು ಮಕ್ಕಳನ್ನು ಹೆತ್ತ ನಿನ್ನ ದೊಡ್ಡಮ್ಮ ಹೇಳುವುದು ಇಷ್ಟೇ. ಸಾಕುವ ವಿದ್ಯೆ ನಿನಗೆ ಆಗಲೇ ಗೊತ್ತಿದೆ. ಹುಳುಮನೆಯಲ್ಲಿ ಅದನ್ನು ದಿನಾ ಮಾಡುತ್ತೀಯ. ಅದೇ ಕಣ್ಣನ್ನು ನಡುಮನೆಗೂ ತಾ.

ಚಾಕಿಯ ಎಳೆ ಹುಳುವಿಗೆ ಎಂಥ ಸೊಪ್ಪು ಹಾಕುತ್ತಾರೆ? ಕುಡಿಯ ಎಳೆ ಎಲೆ, ಅದನ್ನೂ ಸಣ್ಣಗೆ ಹೆಚ್ಚಿ. ನೀವೀಗ ಎರಡನೇ ಜ್ವರ ಮುಗಿದ, ಅಂದರೆ ಎರಡು ಸಲ ಪೊರೆ ಕಳಚಿದ ಹುಳುವನ್ನೇ ಚಾಕಿ ಕೇಂದ್ರದಿಂದ ತರುತ್ತೀರಿ, ನಾವು ಮೊಟ್ಟೆಯಿಂದಲೇ ಸಾಕುತ್ತಿದ್ದೆವು. ಬೆಳೆದ ಹುಳುವಿಗೆ ಬಲಿತ ಎಲೆ, ಆಮೇಲೆ ರೆಂಬೆ ಸಮೇತ. ವಯಸ್ಸಿಗೆ ತಕ್ಕ ಸೊಪ್ಪಿಲ್ಲದಿದ್ದರೆ ಹುಳು ಸೊರಗುತ್ತದೆ ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೊಟ್ಟಿಲಲ್ಲಿರುವ ನಿನ್ನ ಐದು ತಿಂಗಳ ಕೂಸಿಗೂ ಲೆಕ್ಕ ಅದೇ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ಬೇಸಿಗೆಯಾದರೂ ಬೇರೆ ನೀರು ಬೇಡ, ಗ್ರೈಪ್ ವಾಟರ್ ಬೇಡ, ಬಜೆ ತೇದು ನೆಕ್ಕಿಸುವುದು ಬೇಡ. ಜೇನುತುಪ್ಪವಂತೂ ಒಂದು ವರ್ಷದೊಳಗೆ ನಾಲಿಗೆಗೆ ಸೋಕಲೇಬಾರದು. ಇದನ್ನು ಹೇಳುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಚೊಚ್ಚಲ ಬಾಣಂತನದಲ್ಲಿ ನನ್ನ ಹಳದಿ ಹಾಲನ್ನು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸಿದರು. ಮೂರು ದಿನ ಕೂಸಿನ ಬಾಯಿಗೆ ಸಕ್ಕರೆ ನೀರು ಅದ್ದಿದ ಬತ್ತಿ. ಆ ಹಳದಿ ಹಾಲೇ ಕೂಸಿಗೆ ಮೊದಲ ಲಸಿಕೆಯಿದ್ದ ಹಾಗೆ, ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಬೇಕು ಅನ್ನುವುದು ನನಗೆ ಗೊತ್ತಾಗುವ ಹೊತ್ತಿಗೆ ಮೂರು ಹೆರಿಗೆ ಆಗಿತ್ತು. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ನನ್ನನ್ನು ಬಾಯಾರಿಸಿ ಕೂರಿಸಿದ್ದರು. ಹಿರಿಯರು ಹೇಳಿದ್ದೆಲ್ಲ ಸರಿಯಲ್ಲ ಮಗಳೇ. ಹಿರಿಯಳಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಮುಂದಿನ ತಿಂಗಳಿಂದ ರಾಗಿ ಸರಿ ಶುರು ಮಾಡು. ಅಂಗಡಿ ಡಬ್ಬಿಗೆ ದುಡ್ಡು ಸುರಿಯಬೇಡ, ನಮ್ಮ ಹೊಲದ್ದೇ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ರಾಗಿಯನ್ನು ಕಲ್ಲು ಮಣ್ಣು ಹೋಗುವ ತನಕ ನಾಲ್ಕು ನೀರಲ್ಲಿ ತೊಳೆದು ರಾತ್ರಿ ನೆನೆಹಾಕು. ಬೆಳಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟು. ಒಂದೆರಡು ದಿನದಲ್ಲಿ ಬಟ್ಟೆಯ ನೂಲಿನ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತದೆ. ನೆರಳಲ್ಲಿ ಗರಿಗರಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮನ್ನುವ ತನಕ ಹುರಿದು, ಬೀಸಿ, ತೆಳು ಪಂಚೆ ಬಟ್ಟೆಯಲ್ಲಿ ಜಾಲಿಸು. ಬಟ್ಟೆಯ ಕೆಳಗೆ ಉದುರುವ ಹಿಟ್ಟು ಪೌಡರಿನಷ್ಟು ನುಣ್ಣಗಿರಬೇಕು. ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿಕೊಂಡು ಆಮೇಲೆ ಒಲೆಗಿಡು, ಕೈ ಬಿಡದೆ ತಿರುಗಿಸು.

ತೆಳ್ಳಗೆ ನೀರು ನೀರಾಗಿ ಮಾಡಿ ಬಾಟಲಿಗೆ ಹಾಕಿ ಕುಡಿಸಬೇಡ. ಚಮಚ ವಾಲಿಸಿದರೆ ಹರಿದು ಹೋಗಬಾರದು, ಅಷ್ಟು ಗಟ್ಟಿ ಇರಲಿ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಸಲ, ಒಂಬತ್ತು ತಿಂಗಳ ಹೊತ್ತಿಗೆ ಮೂರು ನಾಲ್ಕು ಸಲ. ಸರಿಯೊಂದೇ ಸಾಲದು. ಬೆಂದ ಹೆಸರುಬೇಳೆ, ಕಿವುಚಿದ ಸೊಪ್ಪು, ಬೆರಳ ತುದಿಯಷ್ಟು ತುಪ್ಪ, ಬೇಯಿಸಿದ ಮೊಟ್ಟೆ ಒಂದೊಂದಾಗಿ ಸೇರಿಸುತ್ತಾ ಹೋಗು. ಉಪ್ಪು ಸಕ್ಕರೆ ಒಂದು ವರ್ಷ ದೂರವಿರಲಿ. ಎದೆಹಾಲನ್ನು ಮಾತ್ರ ಎರಡು ವರ್ಷದ ತನಕ ಬಿಡಿಸಬೇಡ.

ಇನ್ನು ದೊಡ್ಡವನ ಊಟದ ರಗಳೆ. ಹುಳು ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದಲ್ಲ, ಆಗ ಸೊಪ್ಪು ತುರುಕುತ್ತೀಯಾ? ಇಲ್ಲ. ಸುಣ್ಣ ಉದುರಿಸಿ, ಹಾಸಿಗೆ ಒಣಗಿಸಿ, ಅದು ಪೊರೆ ಕಳಚಿ ಏಳುವ ತನಕ ಕಾಯುತ್ತೀಯ. ಮಗ ನಾಲ್ಕು ತುತ್ತು ತಿಂದು ತುಟಿ ಬಿಗಿಹಿಡಿದ ಅಂತ ಮೊಬೈಲ್ ಹಚ್ಚಿ ಉಳಿದದ್ದನ್ನು ಬಾಯಿಗೆ ತಳ್ಳುವುದು ಯಾಕೆ? ಕಣ್ಣು ಪರದೆ ಮೇಲಿದ್ದರೆ ಹೊಟ್ಟೆ ತುಂಬಿದ್ದು ಮಗುವಿಗೆ ಗೊತ್ತಾಗುವುದಿಲ್ಲ. ತಟ್ಟೆ ಎತ್ತಿಡು. ಎರಡು ಗಂಟೆ ಬಿಟ್ಟು ಅವನೇ ಕೇಳುತ್ತಾನೆ. ನಡುವೆ ಕುರ್‌ಕುರೆ ಬಿಸ್ಕತ್ತು ಕೊಡದಿದ್ದರೆ ಕೇಳೇ ಕೇಳುತ್ತಾನೆ. ನಿಮ್ಮ ಜೊತೆ ಕೂರಿಸಿ ಮುದ್ದೆಯ ಒಂದು ಚೂರನ್ನು ಬಸ್ಸಾರಿನಲ್ಲಿ ಅದ್ದಿ ಅವನ ಕೈಗೇ ಕೊಡು. ಚೆಲ್ಲಿಕೊಂಡರೆ ಒರೆಸಿದರಾಯಿತು.

ಆದರೆ ಹುಳುವಿನ ಜ್ವರ ಬೇರೆ, ಮಗುವಿನ ಜ್ವರ ಬೇರೆ. ಇಲ್ಲಿ ನಮ್ಮ ಕಡೆಯವರು ಎಡವುತ್ತಾರೆ. ಮೈ ಸುಡುತ್ತಿದೆ, ಭೇದಿಯಾಗುತ್ತಿದೆ ಅಂತ ಮಗುವಿಗೆ ಅನ್ನ ನೀರು ನಿಲ್ಲಿಸಬಾರದು. ಎದೆಹಾಲು ಇನ್ನೂ ಹೆಚ್ಚು ಸಲ ಕೊಡಬೇಕು. ಭೇದಿಗೆ ಆಶಾ ಕಾರ್ಯಕರ್ತೆ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕದಡಿ, ಚಮಚ ಚಮಚವಾಗಿ ಕುಡಿಸು. ಕಲಸಿದ್ದು ಒಂದು ದಿನಕ್ಕೆ ಮಾತ್ರ. ಜೊತೆಗೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಹದಿನಾಲ್ಕು ದಿನ ಮುಗಿಸಬೇಕು. ಅಂಗಡಿಯ ಜ್ಯೂಸ್ ಪ್ಯಾಕೆಟ್ಟು ಓಆರ್‌ಎಸ್ ಅಲ್ಲ. ಕಣ್ಣು ಗುಳಿಬಿದ್ದರೆ, ಕುಡಿಯಲು ಆಗದಿದ್ದರೆ, ಎಬ್ಬಿಸಿದರೂ ಏಳದೆ ತೂಕಡಿಸುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ ಬೆಳಗಾಗಲಿ ಅಂತ ಕಾಯಬೇಡ. 108ಕ್ಕೆ ಫೋನ್ ಮಾಡು. ಹರಕೆ, ದೃಷ್ಟಿ ತೆಗೆಯುವುದು ಏನಿದ್ದರೂ ಡಾಕ್ಟರು ನೋಡಿದ ಮೇಲೆ.

ಈಗ ನನ್ನ ಎದೆಯಲ್ಲಿ ಇಷ್ಟು ವರ್ಷ ಕೂತಿರುವ ಮಾತು. ನನ್ನ ಮೂರನೆಯವನಿಗೆ ಆಗ ನಾಲ್ಕು ವರ್ಷ. ಹುಳುಮನೆ ತೊಳೆಯಲು ತಂದ ಫಾರ್ಮಲಿನ್ ಉಳಿದಿತ್ತು. ಸುಮ್ಮನೆ ಯಾಕೆ ಹಾಳು ಅಂತ ಖಾಲಿ ಷರಬತ್ತಿನ ಸೀಸೆಗೆ ಬಗ್ಗಿಸಿ ಗೋಡೆಯ ಗೂಡಿನಲ್ಲಿಟ್ಟೆ. ಮಧ್ಯಾಹ್ನ ಮಗ ಬಿರಡೆ ಕಿತ್ತು ಬಾಯಿಗಿಡಲು ಹೋಗಿದ್ದಾನೆ. ಅದರ ಘಾಟಿಗೆ ಕಣ್ಣು ಮೂಗು ಉರಿದು ಕಿರುಚಿ ಸೀಸೆ ಕೆಡವಿದ. ಓಡಿ ಬಂದಾಗ ಗಾಜಿನ ಚೂರಿನ ನಡುವೆ ಬರಿಗಾಲಲ್ಲಿ ನಿಂತಿದ್ದ. ಒಂದು ಗುಟುಕು ಒಳಗೆ ಹೋಗಿದ್ದರೆ ಅವನು ಇವತ್ತು ಇರುತ್ತಿರಲಿಲ್ಲ. ಆ ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ.

ನಿಮ್ಮ ಹಿತ್ತಲ ಬಾಗಿಲ ಹಿಂದೆ ನೀಲಿ ಮುಚ್ಚಳದ ನೀರಿನ ಬಾಟಲಿಯಲ್ಲಿ ಬ್ಲೀಚಿಂಗ್ ದ್ರಾವಣ ಇರುವುದನ್ನು ನೋಡಿದೆ. ಔಷಧಿ ಯಾವತ್ತೂ ಬಂದ ಡಬ್ಬಿಯಲ್ಲೇ ಇರಲಿ, ಬೀಗ ಹಾಕುವ ಕಡೆ, ಎತ್ತರದಲ್ಲಿ. ಸುಣ್ಣ, ತೋಟದ ಔಷಧಿ, ಸೀಮೆಎಣ್ಣೆಗೂ ಇದೇ ಮಾತು. ಅಕಸ್ಮಾತ್ ಮಗು ಕುಡಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡ, ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ. ಡಬ್ಬಿ ಸಮೇತ ಆಸ್ಪತ್ರೆಗೆ ಓಡು.

ಕೃಷಿ ಹೊಂಡ ಅದಕ್ಕಿಂತ ಭಯ. ಹಾಸಿರುವ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ಗಂಡಸೇ ಹತ್ತಿ ಬರಲಾರ, ಮಗು ಏನು ಮಾಡೀತು? ಸುತ್ತಲೂ ತಂತಿ ಬೇಲಿ ಆಗಲೇಬೇಕು. ಒಳಗೆ ನಾಲ್ಕು ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಮನೆ ಮುಂದಿನ ಸಂಪಿನ ಮುಚ್ಚಳ, ಬಚ್ಚಲ ಬಕೆಟ್ಟು, ನೆಲದ ಮೇಲಿಟ್ಟ ಬಿಸಿ ಸಾರು, ಕಡಲೆಬೀಜ, ಹುಣಸೆಬೀಜ, ಇವುಗಳನ್ನು ದಿನಾ ಒಂದು ಸಲ ನಿನ್ನ ಮಗನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡು.

ಮೊಬೈಲ್ ಬೇಡ ಅಂದರೆ ಏನು ಕೊಡಲಿ ಅನ್ನುತ್ತೀಯ. ನಮ್ಮ ಪಕ್ಕದಲ್ಲೇ ಮರದ ಗೊಂಬೆಗಳ ಚನ್ನಪಟ್ಟಣ ಇಟ್ಟುಕೊಂಡು ಈ ಪ್ರಶ್ನೆ ಕೇಳಬಾರದು ಕಣಮ್ಮ. ಆಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ, ಆಮೇಲೆ ಕೇದಗೆ ಗರಿ ಹಿಡಿದು ಹೊಳಪು ಕೊಡುತ್ತಾರೆ. ಅರಿಶಿನ, ನೀಲಿಯಂಥ ಸಸ್ಯದ ಬಣ್ಣ ಹಾಕಿದ್ದೇ ಅಂತ ಕೇಳಿ ತಗೋ, ಕೂಸು ಮೊದಲು ಕಚ್ಚಿಯೇ ನೋಡುವುದು. ಚೂರು ಬಿಚ್ಚಿಕೊಳ್ಳುವ ಗೊಂಬೆ ಬೇಡ. ಗಿಲಕಿ ಅಲ್ಲಾಡಿಸಿದರೆ ಮಾತ್ರ ಸದ್ದು, ಬುಗುರಿ ತಿರುಗಿಸಿದರೆ ಮಾತ್ರ ತಿರುಗುತ್ತದೆ. ಆಟ ಮಗುವಿನ ಕೈಯಲ್ಲಿರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅಂತ ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಿದ್ದಷ್ಟೂ ಒಳ್ಳೆಯದು ಅಂದಿದೆ. ನಿನ್ನ ಮಗ ಮೊನ್ನೆ ಬೆಳಗಿಂದ ಎಷ್ಟು ಹೊತ್ತು ನೋಡಿದ ಅಂತ ನೀನೇ ಎಣಿಸು. ಸೊಪ್ಪು ಬಿಡಿಸುವಾಗ ಅವನನ್ನೂ ಕೂರಿಸಿಕೋ, ದಂಟು ಎಲೆ ಬೇರೆ ಮಾಡಲಿ, ನೀನು ಕಥೆ ಹೇಳು. ಜಾನಪದ ವಿದ್ವಾಂಸ ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಂದು ಭಾನುವಾರ ಕರೆದುಕೊಂಡು ಹೋಗು.

ಇಷ್ಟೆಲ್ಲ ಒಬ್ಬಳೇ ಹೇಗೆ ಮಾಡಲಿ ಅಂತ ಕೇಳುವುದು ನ್ಯಾಯವೇ. ಒಬ್ಬಳೇ ಮಾಡಬೇಡ. ಹುಳು ಹಣ್ಣಾದ ದಿನ ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಮನೆಯ ಗಂಡಸು ಹೆಂಗಸು ಎಲ್ಲ ಇಳಿಯುತ್ತೀರಿ. ಕೂಸಿನ ಕೆಲಸ ಬಂದಾಗ ಮಾತ್ರ ಅದು ಅವಳದ್ದು ಅಂತ ಆಗುವುದು ತಪ್ಪು. ಮಾಗಡಿ ಸೀಮೆಯ ಹುಲಿಕಲ್ಲಿನಲ್ಲಿ ಸಾಲುಮರದ ತಿಮ್ಮಕ್ಕ ಆಲದ ಸಸಿಗಳನ್ನು ಮಕ್ಕಳ ಹಾಗೆ ಸಾಕಿದ್ದನ್ನು ನಾವೆಲ್ಲ ಕೊಂಡಾಡುತ್ತೇವೆ. ಗಂಡ ಚಿಕ್ಕಯ್ಯನವರೂ ಜೊತೆಗೆ ನೀರು ಹೊತ್ತರು, ಮುಳ್ಳು ತಂದು ಸಸಿಗೆ ಬೇಲಿ ಕಟ್ಟಿದರು ಅನ್ನುವುದನ್ನೂ ನಿನ್ನ ಗಂಡನಿಗೆ ಹೇಳು. ಸ್ನಾನ ಮಾಡಿಸುವುದು, ಉಣ್ಣಿಸುವುದು, ರಾತ್ರಿ ಎತ್ತಿಕೊಳ್ಳುವುದು ಅಪ್ಪನಿಗೂ ಬರಬೇಕು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗೆ ಪಂಚಾಯ್ತಿಯ ಕೂಸಿನ ಮನೆ ಇದೆ, ನಿಮ್ಮಲ್ಲಿ ಇದೆಯಾ ವಿಚಾರಿಸು. ಮಗನನ್ನು ಅಂಗನವಾಡಿಗೆ ತಪ್ಪಿಸಬೇಡ. ಕೂಸಿನ ತಾಯಿ ಕಾರ್ಡ್ ಎಲ್ಲಿದೆ? ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ, ಎ ವಿಟಮಿನ್. ಒಂದೂವರೆ ವರ್ಷದ ಆಸುಪಾಸಿನಲ್ಲಿ ಮತ್ತೊಂದು. ಸೊಪ್ಪಿನ ಕೆಲಸ ಅಂತ ಮುಂದೂಡಬೇಡ.

ಪಕ್ಕದ ಮನೆ ಮಗು ಆಗಲೇ ಎ ಬಿ ಸಿ ಡಿ ಹೇಳುತ್ತದೆ ಅಂತ ನೊಂದುಕೊಂಡೆ. ಒಂದೇ ದಿನ ಒಡೆದ ಮೊಟ್ಟೆಯ ಹುಳುಗಳೆಲ್ಲ ಒಂದೇ ಗಂಟೆಗೆ ಜ್ವರದಿಂದ ಏಳುತ್ತವೆಯೇ? ಹಿಂದೆ ಬಿದ್ದದ್ದನ್ನು ಬೇರೆ ಮಾಡಿ ಒಳ್ಳೆ ಸೊಪ್ಪು ಹಾಕುತ್ತೀಯ, ಅವೂ ಗೂಡು ಕಟ್ಟುತ್ತವೆ. ಆದರೆ ಒಂದೂವರೆ ವರ್ಷವಾದರೂ ನಡೆಯದ, ಒಂದು ಮಾತೂ ಆಡದ, ಕರೆದರೆ ತಿರುಗದ ಮಗುವನ್ನು ಬರುತ್ತೆ ಬಿಡು ಅಂತ ಬಿಡಬಾರದು. ಬೇಗ ತೋರಿಸಿದಷ್ಟೂ ಒಳ್ಳೆಯದು.

ನಿನ್ನ ಮುಖವೂ ಬಿಳಿಚಿಕೊಂಡಿತ್ತು. ಹೆರಿಗೆಯಾದ ಮೇಲೆ ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಬೇಕು ಅಂತ ಕೊಟ್ಟದ್ದು ಡಬ್ಬಿಯಲ್ಲೇ ಇದೆಯಾ? ಎಲ್ಲರೂ ಉಂಡ ಮೇಲೆ ತಳದ ಸಾರು ನಿನಗೆ ಅನ್ನುವ ಪದ್ಧತಿ ನಿನ್ನಿಂದಲೇ ನಿಲ್ಲಲಿ. ಕಾರಣವಿಲ್ಲದೆ ಅಳು ಬಂದರೆ, ಕೂಸನ್ನು ನೋಡಲೂ ಬೇಸರವಾದರೆ, ಅದು ನಿನ್ನ ತಪ್ಪಲ್ಲ. ನನಗೆ ಫೋನ್ ಮಾಡು, ಡಾಕ್ಟರಿಗೂ ಹೇಳು.

ಮುಂದಿನ ವಾರ ನಿಮ್ಮ ಹುಳು ಹಣ್ಣಾಗುತ್ತದೆ. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕುವ ತನಕ ನಾನೇ ಬಂದು ಇಬ್ಬರನ್ನೂ ನೋಡಿಕೊಳ್ಳುತ್ತೇನೆ. ಬರುವಷ್ಟರಲ್ಲಿ ಆ ನೀಲಿ ಮುಚ್ಚಳದ ಬಾಟಲಿ ಅಲ್ಲಿರಬಾರದು. ಗೂಡಿನ ದುಡ್ಡು ಕೈಗೆ ಬಂದ ದಿನ ಬೇರೆ ಏನನ್ನೂ ಕೊಳ್ಳುವ ಮುಂಚೆ ಹೊಂಡಕ್ಕೆ ಬೇಲಿ ಹಾಕಿಸು.